ತಂತಿ ನೆರಳಿಗೆ ಬರುವ ಹೊತ್ತು

ಆರು ವರ್ಷ, ಪ್ರತಿದಿನ ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕೆ, ನಾನು ನನ್ನ ಗಂಡನ ಉಸಿರು ನಿಲ್ಲಿಸುತ್ತಿದ್ದೆ. ಅದಕ್ಕಾಗಿ ಇಲಾಖೆ ನನಗೆ ಸಂಬಳ, ವರ್ಷಕ್ಕೆರಡು ಖಾಕಿ ಸೀರೆ ಮತ್ತು ಒಂದು ಸೀಟಿ ಕೊಟ್ಟಿತ್ತು. ಸೀಟಿ ಮಾತ್ರ ಒಳ್ಳೆಯ ಗುಣಮಟ್ಟದ್ದು, ಊರಿಗೆಲ್ಲ ಕೇಳಿಸುತ್ತದೆ.

ನಮ್ಮೂರಿನ ಕರೆಂಟಿನ ತಂತಿಗಳು ಮಧ್ಯಾಹ್ನ ನೆರಳಿಗೆ ಬರುತ್ತವೆ. ಬಿಸಿಲು ನೆತ್ತಿಗೇರಿತೆಂದರೆ ಕಂಬದ ಪಿಂಗಾಣಿಯಿಂದ ಮೈ ಸಡಿಲಿಸಿಕೊಂಡು ಕೆಳಗಿಳಿಯುತ್ತವೆ. ಹತ್ತಿರದ ಬೇವಿನ ಬುಡಕ್ಕೋ ಮರದ ನೆರಳು ಬಿದ್ದ ಯಾರದೋ ಮನೆಯ ಕಟ್ಟೆಗೋ ಹೋಗಿ ಮಲಗುತ್ತವೆ. ಮೂರು ಗಂಟೆಗೆ ತಾವಾಗಿಯೇ ಎದ್ದು ಮೇಲೆ ಹೋಗುತ್ತವೆ. ಹೊರಗಿನಿಂದ ಬಂದವರು ಯಾಕೆ ಹೀಗೆ ಎಂದು ಕೇಳುತ್ತಾರೆ. ಅವರಿಗೆ ಚಹಾ ಕೊಡುತ್ತೇವೆ. ಮತ್ತೂ ಕೇಳಿದರೆ ಇನ್ನೊಂದು ಕಪ್ಪು ಕೊಡುತ್ತೇವೆ.

ತಂತಿ ಇಳಿಯುವ ಮೊದಲು ಕರೆಂಟು ತೆಗೆಯುವುದು ನನ್ನ ಕೆಲಸ. ಊರ ಹೊರಗೆ ನಾವೆಲ್ಲ ಕರೆಂಟ್ ಮನೆ ಎಂದು ಕರೆಯುವ ಒಂದು ಕೋಣೆ ಇದೆ. ಅದರೊಳಗೆ ಒಂದು ಕಬ್ಬಿಣದ ಹಿಡಿಕೆ. ಹನ್ನೆರಡಕ್ಕೆ ಹಿಡಿಕೆ ಇಳಿಸಿ ಸೀಟಿ ಊದಿದರೆ, ಇನ್ನು ತಂತಿ ಮುಟ್ಟಬಹುದು, ದಾಟಬಹುದು, ಅದರ ಪಕ್ಕ ತಲೆದಿಂಬು ಹಾಕಿ ಮಲಗಬಹುದು ಎಂದು ಅರ್ಥ. ಮೂರಕ್ಕೆ ತಂತಿಗಳೆಲ್ಲ ಮೇಲೇರಿದ್ದನ್ನು ನೋಡಿ, ಮತ್ತೆ ಊದಿ, ಹಿಡಿಕೆ ಏರಿಸುತ್ತೇನೆ. ನಡುವಿನ ಮೂರು ತಾಸು ನಾನು ಅಲ್ಲಿಂದ ಕದಲುವಂತಿಲ್ಲ. ಯಾವನಾದರೂ ಟೀವಿ ಹುಚ್ಚಿನವನು ಬೀಗ ಮುರಿದು ಬಂದು ಹಿಡಿಕೆ ಏರಿಸಿಬಿಟ್ಟರೆ ಊರಿನ ಅರ್ಧ ಕಟ್ಟೆಗಳು ಖಾಲಿಯಾಗುತ್ತವೆ.

ಈ ವ್ಯವಸ್ಥೆಗೆ ಊರು ಎಂದೋ ಒಗ್ಗಿಕೊಂಡಿದೆ. ಹಿಟ್ಟಿನ ಗಿರಣಿ ಆ ಹೊತ್ತಿಗೆ ಬಾಗಿಲು ಹಾಕುತ್ತದೆ. ಅಕ್ಷತೆ ಮುಹೂರ್ತ ಹನ್ನೆರಡರಿಂದ ಮೂರರೊಳಗೆ ಬಂದರೆ ಜೋಯಿಸರೇ ಗ್ರಹಗಳನ್ನು ಸ್ವಲ್ಪ ಸರಿಸಿ ಕೊಡುತ್ತಾರೆ. ಯಾರ ಮನೆಗೆ ಎಷ್ಟು ತಂತಿ ಬರುತ್ತವೆ ಎನ್ನುವುದರ ಮೇಲೆ ಮರ್ಯಾದೆಯೂ ಇದೆ. ನಮ್ಮ ಪಕ್ಕದ ಮನೆಯ ಬಂಗಾರೆವ್ವನ ಬೇವಿನ ಮರಕ್ಕೆ ಮೂರು ಬರುತ್ತಿದ್ದವು. ಬೀಗರು ಬಂದಾಗ ಅವಳು ಬೇರೆ ಮಾತು ಮುಗಿಸಿ, ಸಾವಕಾಶವಾಗಿ, "ನಮ್ಮ ಮನಿಗೆ ಮೂರು ಬರ್ತಾವ ನೋಡ್ರಿ, ಒಂದ ದಿನಾನೂ ತಪ್ಪಂಗಿಲ್ಲ" ಎನ್ನುತ್ತಿದ್ದಳು. ಕ್ಷೌರದ ಅಂಗಡಿಯವನು ಹೊಟ್ಟೆಕಿಚ್ಚಿಗೆ ತಾಡಪತ್ರಿಯ ಚಪ್ಪರ ಹಾಕಿ ಒಂದನ್ನಾದರೂ ಕರೆಯಲು ನೋಡಿದ. ತಂತಿಗಳು ತಾಡಪತ್ರಿಯ ಕಡೆ ತಿರುಗಿಯೂ ನೋಡಲಿಲ್ಲ.

ಇನ್ನು ನನ್ನ ಗಂಡ. ಹೆಸರು ಯಮನೂರಪ್ಪ. ಬಾಯಲ್ಲಿ ಅವನಿಗೆ 'ನೀವು' ಅನ್ನುತ್ತೇನೆ, ಮನಸ್ಸಿನಲ್ಲಿ ಅಷ್ಟೊಂದು ಇಲ್ಲ. ಅವನು ನನಗೆ ಫಕೀರಿ ಅನ್ನುತ್ತಾನೆ, ಚೇಷ್ಟೆಗೆ ಕರೆಂಟಿನ ಬಾಯಿ. ಇಪ್ಪತ್ತೆರಡು ವರ್ಷ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದ. ಮಾಲಕರು ಹತ್ತಿಯನ್ನೆಲ್ಲ ಲಾರಿಗೆ ಹೇರಿಕೊಂಡು ಹೋದರು, ಧೂಳನ್ನು ಪೂರ್ತಿಯಾಗಿ ಇವನಿಗೇ ಬಿಟ್ಟರು. ಐವತ್ತು ತುಂಬುವ ಮೊದಲೇ ಪುಪ್ಪುಸ ಕೈಕೊಟ್ಟಿತು. ಸರಕಾರಿ ದವಾಖಾನೆಯವರು ಒಂದು ಯಂತ್ರ ಕೊಟ್ಟರು. ಅದು ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸೋಸಿ, ಒಂದು ನಳಿಕೆಯಿಂದ ಅವನ ಮೂಗಿಗೆ ಕಳಿಸುತ್ತದೆ. ಕರೆಂಟು ಇರುವವರೆಗೆ ಗುರ್ ಎನ್ನುತ್ತದೆ. ಕರೆಂಟು ಹೋದರೆ ಕೂಗುತ್ತದೆ. ಯಂತ್ರ ತಂದವನು ಅದನ್ನು ತೋರಿಸಲೆಂದು ಒಮ್ಮೆ ವಯರು ಕಿತ್ತಿದ್ದ. ಆ ಚೀರಾಟಕ್ಕೆ ಓಣಿಯ ನಾಯಿಗಳೆಲ್ಲ ಉತ್ತರ ಕೊಟ್ಟವು, ಬಂಗಾರೆವ್ವ ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡಿ ಬಂದಳು. ಆಮೇಲೆ ಅದನ್ನು ನಾನು ಕೇಳಲಿಲ್ಲ. ದಿನಾ ಅದು ಕೂಗುವ ಹೊತ್ತಿಗೆ ಅರ್ಧ ಮೈಲಿ ದೂರದಲ್ಲಿ, ಅದನ್ನು ಕೂಗಿಸಿದ ಹಿಡಿಕೆಯ ಪಕ್ಕದಲ್ಲಿ ಕೂತಿರುತ್ತಿದ್ದೆ. ಕೇಳಿಸದಿದ್ದರೂ ಕೇಳಿಸುತ್ತಿತ್ತು. ಆರು ವರ್ಷ ಆ ಮೂರು ತಾಸಿನಲ್ಲಿ ನನಗೆ ಒಂದು ತುತ್ತೂ ಗಂಟಲಲ್ಲಿ ಇಳಿದಿಲ್ಲ.

ಆ ಮೂರು ತಾಸಿಗೆಂದು ದವಾಖಾನೆಯವರು ಆಕ್ಸಿಜನ್ ಸಿಲಿಂಡರು ಕೊಟ್ಟಿದ್ದರು. ಅದನ್ನು ತಿರುಗಿಸಿ ನಳಿಕೆ ಬದಲಿಸುವುದನ್ನು ಅವನೇ ಮಾಡಿಕೊಳ್ಳುತ್ತಿದ್ದ. ಬಂಗಾರೆವ್ವ ಬಾಗಿಲಲ್ಲಿ ಇಣುಕಿ ನೋಡಿ ಹೋಗುತ್ತಿದ್ದಳು. ಎಲ್ಲ ಸರಿಯಾಗಿಯೇ ಇತ್ತು ಎನ್ನಬೇಕು. ಒಂದು ವಾರ ಸಿಲಿಂಡರಿನ ಗಾಡಿ ಒಂದು ದಿನ ತಡವಾಗಿ ಬಂತು. ಅವತ್ತು ಮೂರೂವರೆಗೆ ಮನೆಗೆ ಬಂದು ನೋಡಿದರೆ ಅವನ ತುಟಿ ನೇರಳೆ ಹಣ್ಣಿನಂತಾಗಿತ್ತು. ನನ್ನನ್ನು ನೋಡಿ, "ಕರೆಂಟಿನ ಬಾಯಿ, ಡ್ಯೂಟಿ ಮುಗೀತ?" ಎಂದ. ಅಷ್ಟು ಹೇಳಲಿಕ್ಕೆ ಮೂರು ಸಲ ಉಸಿರು ತಗೊಂಡ.

ಅವತ್ತೇ ನಾನು ಅರ್ಜಿ ಬರೆದೆ. ನನಗೆ ಬೇಕಿದ್ದದ್ದು ಸಣ್ಣದು. ನಮ್ಮೂರಿನ ಓಣಿಗಳಿಗೂ ಹುಲ್ಲುಗುಡ್ಡ ದಾಟಿ ನೀರಿನ ಪಂಪ್‌ಹೌಸಿಗೆ ಹೋಗುವ ಲೈನಿಗೂ ಇರುವುದು ಒಂದೇ ಹಿಡಿಕೆ. ಗುಡ್ಡಕ್ಕೆ ಬೇರೆ ಹಿಡಿಕೆ, ಓಣಿ ಓಣಿಗೆ ಬೇರೆ ಹಿಡಿಕೆ ಕೊಟ್ಟರೆ ಎಲ್ಲಿ ತಂತಿ ಇಳಿಯುತ್ತದೋ ಅಲ್ಲಿಗೆ ಮಾತ್ರ ಕರೆಂಟು ತೆಗೆಯಬಹುದು. ನಮ್ಮ ಓಣಿಯ ಒಂದು ತಂತಿಗೆ ಕಂಬದ ಮೇಲೆಯೇ ನೆರಳಿನ ಚಪ್ಪರ ಕಟ್ಟಿ, ಇಳಿಯದಂತೆ ಉಳಿಸಿಕೊಂಡರೆ ಯಂತ್ರ ನಡೆದೀತು. ಗಂಡ ಹಾಸಿಗೆಯಲ್ಲೇ ಕೂತು ಅರ್ಜಿ ತಿದ್ದಿದ. "ನಡುವ ಒಂದ ಕಡೆ 'ನಿರಂತರ' ಅಂತ ಬರಿ. ಆ ಶಬ್ದ ಅಂದ್ರ ಅವ್ರಿಗೆ ಪ್ರಾಣ" ಎಂದ. ಬರೆದೆ. ಹಾಳಾದ ಆ ಶಬ್ದವನ್ನು ನಾನೇ ನನ್ನ ಕೈಯಾರೆ ಬರೆದೆ.

ಮೇಲಿನ ಕಚೇರಿಯಲ್ಲಿ ಅರ್ಜಿಯ ಉಳಿದ ಶಬ್ದಗಳನ್ನು ಯಾರೂ ಓದಲಿಲ್ಲ. ಎಂಟು ತಿಂಗಳ ನಂತರ ಹಿಡಿಕೆಗಳ ಬದಲಿಗೆ ಎಂಜಿನಿಯರ್ ಚಿದಂಬರ ಸಾಹೇಬರು ಬಂದರು, ಅವರ ಹಿಂದೆ ಒಂದು ದೊಡ್ಡ ಹಲಗೆ ಬಂತು. ಹಲಗೆಯ ಮೇಲೆ ವರ್ಷದ ಎಲ್ಲ ದಿನಗಳ ಚೌಕಗಳಿದ್ದವು. ಕರೆಂಟು ಹೋದ ದಿನ ಕೆಂಪು ಬೊಟ್ಟು, ಹೋಗದ ದಿನ ಬಿಳಿ. ಅದನ್ನು ಕರೆಂಟ್ ಮನೆಯ ಗೋಡೆಗೆ, ನನ್ನ ಕುರ್ಚಿಯ ಎದುರಿಗೇ ಹೊಡೆಸಿದರು. ಮೊದಲ ತಿಂಗಳಿಗೇ ಅದಕ್ಕೆ ಮೈತುಂಬ ಕೆಂಪು ಗುಳ್ಳೆಯ ಗೋವರ ಎದ್ದಂತಾಗಿತ್ತು.

ಸಾಹೇಬರು ಕೆಟ್ಟವರಲ್ಲ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಊರು ಹುಷಾರಾಗಿರುತ್ತಿತ್ತು. ನಮ್ಮ ಮನೆಗೆ ಬಂದು ಗಂಡನ ಹಾಸಿಗೆಯ ತುದಿಗೆ ಕೂತು, "ಯಮನೂರಪ್ಪನವರೇ, ನಿಮ್ಮಂಥ ಒಬ್ಬ ಗ್ರಾಹಕರ ಉಸಿರಿಗಾಗಿ ಇಡೀ ಇಲಾಖೆ ನಿಂತಿದೆ" ಎಂದರು. ಕಣ್ಣು ಒದ್ದೆಯಾಗಿತ್ತು, ನಾನೇ ನೋಡಿದೆ. ನಾನು ಡ್ಯೂಟಿಗೆ ಹೋದ ಮೇಲೆ ಫೋಟೋ ತೆಗೆಸಿದರು. ತೆಗೆದದ್ದು ಮಧ್ಯಾಹ್ನ ಒಂದಕ್ಕೆ, ಕರೆಂಟಿಲ್ಲದ ಹೊತ್ತಿನಲ್ಲಿ, ಅವನು ಸಿಲಿಂಡರಿನಿಂದ ಉಸಿರಾಡುತ್ತಿದ್ದಾಗ. ಅದೇ ಫೋಟೋ 'ಅಖಂಡ ಬೆಳಕು' ಎಂಬ ಹೆಸರಿನ ಕೆಳಗೆ ತಾಲೂಕಿನ ಎಲ್ಲ ಕಂಬಗಳ ಮೇಲೂ ಬಂತು.

ಯೋಜನೆ ಸರಳವಾಗಿತ್ತು. ಮಧ್ಯಾಹ್ನ ಕರೆಂಟು ತೆಗೆಯುವುದು ಯಾಕೆ, ತಂತಿ ಇಳಿಯುತ್ತದೆಂದು. ತಂತಿ ಇಳಿಯುವುದು ಯಾಕೆ, ಮರದ ನೆರಳಿದೆಯೆಂದು. ಮರ ಕಡಿದರೆ ನೆರಳಿಲ್ಲ, ನೆರಳಿಲ್ಲದಿದ್ದರೆ ಇಳಿಯುವುದಿಲ್ಲ, ಇಳಿಯದಿದ್ದರೆ ಕರೆಂಟು ತೆಗೆಯಬೇಕಿಲ್ಲ. ಲೈನಿನ ಎರಡೂ ಬದಿಗೆ ಮರ ಇರಕೂಡದೆಂದು ಸುತ್ತೋಲೆಯೂ ಇತ್ತು. ಬೇರೆ ಊರುಗಳಲ್ಲಿ ಕೊಂಬೆ ತಂತಿಗೆ ತಾಗಿ ಬೆಂಕಿ ಹತ್ತುತ್ತದಂತೆ, ಅಲ್ಲಿ ಅದು ಸರಿಯೇ ಇರಬೇಕು. ಪಂಚಾಯತಿ ಕಟ್ಟೆಯ ಸಭೆಯಲ್ಲಿ ಸಾಹೇಬರು ಇದನ್ನು ಹೇಳಿ ಮುಗಿಸಿದಾಗ ಎಲ್ಲರೂ ನನ್ನ ಕಡೆ ನೋಡಿದರು. ತಂತಿಯ ಸ್ವಭಾವ ಊರಿನಲ್ಲಿ ನನಗಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ.

ನಾನು ಸುಮ್ಮನಿದ್ದೆ. ಇದನ್ನು ಸಾಹೇಬರ ಮೇಲೆ ಹಾಕುವುದಿಲ್ಲ. ಮರ ಹೋದರೆ ತಂತಿಯ ಬಿಸಿ ಹೋಗುವುದಿಲ್ಲ, ಅದು ಬೇರೆ ನೆರಳು ಹುಡುಕುತ್ತದೆ ಎಂದು ನನಗೆ ಗೊತ್ತಿತ್ತು. ಎದ್ದು ನಿಂತು ಒಂದು ಮಾತು ಹೇಳಬಹುದಿತ್ತು. ಹೇಳಿದರೆ ಹನ್ನೆರಡಕ್ಕೆ ಮತ್ತೆ ಹಿಡಿಕೆ ಇಳಿಸಬೇಕು, ಆ ಹಿಡಿಕೆ ಇಳಿಸಿ ಇಳಿಸಿ ನನಗೆ ಸಾಕಾಗಿತ್ತು. ಸೀರೆಯ ಅಂಚು ಬೆರಳಿಗೆ ಸುತ್ತಿಕೊಳ್ಳುತ್ತ ಕೂತೆ.

ಕೊನೆಗೆ ಮಾತಾಡಿದವಳು ಬಂಗಾರೆವ್ವ. "ನಮ್ಮ ಬೇವಿನ ಗಿಡ ಮೊದಲ ಕಡೀರಿ" ಎಂದಳು. "ಯಮನೂರಣ್ಣ ಮಧ್ಯಾಹ್ನ ಒಂದಿಷ್ಟು ಆರಾಮ ಉಸಿರಾಡ್ಲಿ."

ಸಾಹೇಬರು ಚಪ್ಪಾಳೆ ತಟ್ಟಿದರು. ಊರಿನವರು ತಟ್ಟಲಿಲ್ಲ, ಆದರೆ ಕೊಡಲಿ ತಂದರು. ಒಂದು ವಾರದಲ್ಲಿ ನಲವತ್ತೊಂದು ಮರ ಹೋದವು. ಗುಡ್ಡದ ಮೇಲೆ ಹಿಂದಿನ ಲೈನ್‌ಮನ್ನರು ತಂತಿ ಮಲಗಲೆಂದೇ ನೆಟ್ಟಿದ್ದ ಬನ್ನಿಯ ಸಾಲೂ ಹೋಯಿತು. ಬೇವು ಬಿದ್ದ ದಿನ ಬಂಗಾರೆವ್ವನ ಮನೆಯ ಅಂಗಳ ಬೋಳಿಸಿದ ತಲೆಯಂತೆ ಕಾಣುತ್ತಿತ್ತು. ಅವಳು ಬುಡಕ್ಕೆ ಒಂದು ಚೊಂಬು ನೀರು ಹಾಕಿ ಒಳಗೆ ಹೋದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಇನ್ನು ಸಿಲಿಂಡರಿನ ಅಗತ್ಯವಿಲ್ಲವೆಂದು ಸಾಹೇಬರು ಬರೆಸಿಕೊಂಡರು. ಅಗತ್ಯವಿದೆಯೆಂದರೆ ಯೋಜನೆಯ ಮೇಲೆ ನಂಬಿಕೆ ಇಲ್ಲ ಎಂದಾಗುತ್ತದಂತೆ. ನಾನು ಸಹಿ ಹಾಕಿದೆ. ದವಾಖಾನೆಯ ಗಾಡಿ ಬಂದು ಸಿಲಿಂಡರು ಒಯ್ದಿತು. ಗುಡ್ಡದ ಲೈನಿನ ಕೆಳಗೆ 'ಅಪಾಯ' ಎಂದು ತಲೆಬುರುಡೆಯ ಫಲಕ ನಿಲ್ಲಿಸಿದರು, ಯಾರೂ ಅಲ್ಲಿಗೆ ಹೋಗಕೂಡದೆಂದು ಡಂಗುರ ಹೊಡೆಸಿದರು. ಪ್ರತಿವರ್ಷ ಸಂಕ್ರಾಂತಿಯ ನಂತರ ಊರವರು ಅಲ್ಲಿನ ಹುಲ್ಲು ಕೊಯ್ದು ಬಣವೆ ಹಾಕುತ್ತಿದ್ದರು. ಈ ವರ್ಷ ಕೊಯ್ಯಲಿಲ್ಲ. ಸುರಕ್ಷತೆ ದೊಡ್ಡದು.

ಮೊದಲ ಮೂರು ವಾರ ಹಲಗೆ ಬೆಳ್ಳಗಿತ್ತು. ಪೇಡಾ ಹಂಚಿದರು. ಹನ್ನೆರಡು ಗಂಟೆಗೆ ನಾನು ಕೈಕಟ್ಟಿ ಕೂತು ಹಿಡಿಕೆಯನ್ನು ನೋಡುತ್ತಿದ್ದೆ. ತಂತಿಗಳು ಮೇಲೆ ನಡುಗುತ್ತ ನಿಂತಿದ್ದವು. ಬುತ್ತಿ ಬಿಚ್ಚಿ ಎರಡು ರೊಟ್ಟಿ ತಿಂದೆ. ಆರು ವರ್ಷದಲ್ಲಿ ಮೊದಲ ಸಲ ಮಧ್ಯಾಹ್ನದ ಊಟಕ್ಕೆ ರುಚಿ ಇತ್ತು. ಅದನ್ನೂ ಸುಳ್ಳೆನ್ನಲಾರೆ. ಮನೆಯಲ್ಲಿ ಗಂಡ ಮಧ್ಯಾಹ್ನದ ಧಾರಾವಾಹಿ ನೋಡಲು ಶುರು ಮಾಡಿದ್ದ. "ಕರೆಂಟ್ ಇರಲಾರದಾಗ ಇಂಥಾದ್ದೆಲ್ಲಾ ನಡೀತಿತ್ತು ಅಂತ ಗೊತ್ತ ಇರಲಿಲ್ಲ. ಆ ಅತ್ತಿ ಎರಡ ಸಲ ಸತ್ತಾಳ" ಎಂದ.

ನಾಲ್ಕನೆಯ ವಾರ ಬಿಸಿಲು ಬಲಿಯಿತು. ತರಕಾರಿ ಮಾರುವವಳ ಕೊಡೆಯ ಹಿಂದೆ ಒಂದು ತಂತಿ ಎರಡು ಓಣಿ ಹೋಯಿತು. ಅವಳು ಕೊಡೆ ಬಿಸಾಕಿ ಓಡಿ ಪಾರಾದಳು, ಬದನೆಕಾಯಿ ಸುಟ್ಟವು. ಇನ್ನೊಂದು ತಂತಿ ಸಾಹೇಬರ ಜೀಪಿನ ಕೆಳಗೆ ಹೋಗಿ ಮಲಗಿತು. ಸಾಹೇಬರು ಆ ದಿನ ನಡೆದೇ ಮನೆಗೆ ಹೋದರು. ಮರುದಿನ, ಮಧ್ಯಾಹ್ನದ ಹೊತ್ತು ಲೈನಿನ ಕೆಳಗೆ ಕೊಡೆ, ಚಪ್ಪರ, ಚಕ್ಕಡಿ, ನಿಂತ ಎಮ್ಮೆ ಇತ್ಯಾದಿ ನೆರಳು ಬೀಳುವ ಯಾವ ವಸ್ತುವೂ ಇರಕೂಡದೆಂದು ನೋಟಿಸು ಅಂಟಿತು. ಎಮ್ಮೆಗಳಿಗೆ ಓದಲು ಬರದ ಕಾರಣ ಅವುಗಳ ಮಾಲಕರಿಗೆ ತಲಾ ಒಂದು ಪ್ರತಿ ಕೊಟ್ಟರು.

ಅದಾದ ಮೇಲೆ ಊರೊಳಗೆ ಎಲ್ಲಿಯೂ ಬಿಡಿಗಾಸಿನ ನೆರಳು ಉಳಿಯಲಿಲ್ಲ. ಗುಡ್ಡದ ಮೇಲೆ ಉಳಿದಿತ್ತು. ಸೊಂಟದೆತ್ತರ ಬೆಳೆದು ಒಣಗಿ ನಿಂತ ಹುಲ್ಲಿನ ಬುಡದಲ್ಲಿ ಎಷ್ಟು ನೆರಳಿರುತ್ತದೆ ಎನ್ನುವುದು ಮೊಲಕ್ಕೆ ಗೊತ್ತು, ಹಾವಿಗೆ ಗೊತ್ತು. ಸುತ್ತೋಲೆಯಲ್ಲಿ ಹುಲ್ಲಿನ ಹೆಸರಿರಲಿಲ್ಲ.

ಒಂದು ದಿನ 'ಅಖಂಡ ಬೆಳಕು' ಯೋಜನೆಗೆ ಪ್ರಶಸ್ತಿ ಕೊಡಬಹುದೇ ಎಂದು ನೋಡಲು ಪ್ರಶಸ್ತಿ ಸಮಿತಿ ಬರುವುದಿತ್ತು. ಹನ್ನೆರಡು ದಾಟಿ ಹತ್ತು ನಿಮಿಷವಾಗಿತ್ತು. ಕರೆಂಟ್ ಮನೆಯ ಕಿಟಕಿಯಿಂದ ನೋಡಿದೆ. ಗುಡ್ಡದ ಕಂಬಗಳ ನಡುವೆ ತಂತಿ ಇರಲಿಲ್ಲ. ಕಂಬಗಳಷ್ಟೇ ಇದ್ದವು, ಬುಡದಲ್ಲಿ ಹೊಗೆ ಇತ್ತು. ನೋಡುತ್ತಿದ್ದಂತೆ ಹೊಗೆಯ ಅಡಿಯಲ್ಲಿ ಕೆಂಪು ಅಂಚು ಕಂಡಿತು. ಗಾಳಿ ಊರಿನ ಕಡೆಗೆ ಬೀಸುತ್ತಿತ್ತು. ಗುಡ್ಡದ ಕೆಳಗಿನ ಮೊದಲ ಓಣಿ ನಮ್ಮದು.

ಸಾಹೇಬರಿಗೆ ಫೋನು ಹಚ್ಚಿದೆ. "ಸಾಹೇಬ್ರ, ಗುಡ್ಡಕ್ಕ ಬೆಂಕಿ ಬಿದ್ದೈತಿ. ಜೀವಂತ ತಂತಿ ಹುಲ್ಲಾಗ ಮಲಗೇತಿ. ಕರೆಂಟ್ ತೆಗೀತೀನ್ರಿ."

"ತಡಿಯಮ್ಮ, ಸಮಿತಿಯವರು ದಾರಿಯಲ್ಲಿದ್ದಾರೆ. ಒಂದೇ ಒಂದು ಗಂಟೆ. ಅಗ್ನಿಶಾಮಕದವರಿಗೆ ಹೇಳುತ್ತೇನೆ."

"ಅವ್ರು ಬಂದು ನೀರು ಹೊಡದ್ರ ಅವ್ರೂ ಸಾಯ್ತಾರ್ರಿ. ತಂತಿಯೊಳಗ ಕರೆಂಟ್ ಐತಿ."

"ಗುಡ್ಡ ಅರಣ್ಯ ಇಲಾಖೆಯದು" ಎಂದರು ಸಾಹೇಬರು. ಆಮೇಲೆ ದನಿ ಇಳಿಸಿ, "ನಿಮ್ಮ ಯಜಮಾನರ ಯಂತ್ರವೂ ನಿಲ್ಲುತ್ತದಲ್ಲಮ್ಮ. ಸಿಲಿಂಡರು ವಾಪಸ್ಸು ಕೊಟ್ಟಿದ್ದೀರಿ. ಯೋಚನೆ ಮಾಡಿ" ಎಂದರು.

ಅವರು ಹೇಳಿದ್ದರಲ್ಲಿ ಅದೊಂದೇ ನಿಜವಾದ ಮಾತು. ಫೋನು ಇಟ್ಟೆ. ಹಿಡಿಕೆಯ ಮೇಲೆ ಕೈ ಇಟ್ಟೆ. ಇಷ್ಟು ದಿನ ಹಿಡಿಕೆ ಇಳಿಸುವಾಗ ಮನೆಯಲ್ಲಿ ಸಿಲಿಂಡರು ಇರುತ್ತಿತ್ತು. ಇವತ್ತು ಇಲ್ಲ, ಅದು ಇಲ್ಲವೆಂದು ಬರೆದುಕೊಟ್ಟವಳು ನಾನೇ. ಸಿಲಿಂಡರಿಲ್ಲದ ಆ ಒಂದು ದಿನದ ನೇರಳೆ ತುಟಿ ಕಣ್ಣ ಮುಂದೆ ಬಂತು. ಇವತ್ತು ಹೊಗೆಯೂ ಸೇರುತ್ತದೆ. ಇಳಿಸದಿದ್ದರೆ ಬೆಂಕಿ ಆರಿಸಲು ಯಾರೂ ಗುಡ್ಡ ಹತ್ತುವಂತಿಲ್ಲ. ತುಳಿದಲ್ಲೆಲ್ಲ ತಂತಿ. ಬೇವು ಕಡಿಸಿಕೊಂಡ ಬಂಗಾರೆವ್ವನ ಮನೆ ಮೊದಲು ಹೋಗುತ್ತದೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಫೋನಿನ ಹೊತ್ತು, ಸೀಟಿಯ ಹೊತ್ತು ಹೋಲಿಸಿ ನೋಡಿದವರು ಆಮೇಲೆ ಎರಡು ನಿಮಿಷ ಎಂದು ಲೆಕ್ಕ ಹಾಕಿದ್ದಾರೆ. ಇಳಿಸಿದೆ. ಇಳಿಸಿದ ಮೇಲೆ ಅಳು ಬಂತು, ಅಳುತ್ತಲೇ ಸೀಟಿ ಊದಿದೆ, ಹೊರಗೆ ಬೀಗ ಜಡಿದು ಮನೆಯ ಕಡೆ ಓಡಿದೆ.

ಸೀಟಿ ಕೇಳಿದ್ದೇ ಊರು ಹೊರಬಿತ್ತು. ನಾಲ್ಕು ವಾರ ಮರೆತಿದ್ದ ಸದ್ದು, ಆದರೆ ಅರ್ಥವನ್ನು ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಬೆಂಕಿಯನ್ನು ಬಡಿಯಲು ಹಸಿ ಟೊಂಗೆ ಬೇಕು. ಊರಿನಲ್ಲಿ ಟೊಂಗೆ ಎಲ್ಲಿದೆ. ಬಂಗಾರೆವ್ವ ತನ್ನ ಮಗಳ ಬಾಣಂತನಕ್ಕೆಂದು ಹೊಲಿದಿಟ್ಟ ಕೌದಿಯನ್ನು ತೊಟ್ಟಿಯಲ್ಲಿ ಅದ್ದಿ ಹೆಗಲಿಗೆ ಹಾಕಿಕೊಂಡು ಗುಡ್ಡದ ಕಡೆ ಹೊರಟಿದ್ದಳು. ಅವಳ ಹಿಂದೆ ಇಡೀ ಓಣಿಯ ಕೌದಿ, ಗೋಣಿಚೀಲ, ಕಂಬಳಿಗಳು ನೀರು ಸುರಿಸುತ್ತ ಹೊರಟಿದ್ದವು. ಎದುರಿಗೆ ಓಡಿ ಬರುತ್ತಿದ್ದ ನನ್ನನ್ನು ನೋಡಿ, "ಮನಿಗೆ ಹೋಗವ್ವ, ಇದು ನಮ್ಮ ಪಾಲಿಂದು" ಎಂದಳು.

ನಾನು ಕಿವಿಗೊಟ್ಟುಕೊಂಡೇ ಓಡುತ್ತಿದ್ದೆ. ಯಂತ್ರದ ಕೂಗು ಕೇಳಬೇಕು. ಕೂಗು ಕೇಳಿದರೆ ಹೋಗಿ ಏನಾದರೂ ಮಾಡಬಹುದು, ಬೆನ್ನು ನೀವಬಹುದು, ಹೊತ್ತುಕೊಂಡು ಹೊಗೆಯಿಲ್ಲದ ಕಡೆ ಓಡಬಹುದು. ಓಣಿಯ ಬಾಯಿಗೆ ಬಂದೆ, ಕೂಗಿಲ್ಲ. ಮನೆಯ ಕಟ್ಟೆ ಹತ್ತಿದೆ, ಕೂಗಿಲ್ಲ. ನಾಯಿಗಳೂ ಸುಮ್ಮನಿದ್ದವು. ಕೂಗಿ ಕೂಗಿ ಅದರ ಬ್ಯಾಟರಿಯೇ ತೀರಿಹೋಗುವಷ್ಟು ಹೊತ್ತಾಯಿತೆ ಎಂದುಕೊಂಡೆ. ಬಾಗಿಲ ಚೌಕಟ್ಟು ಹಿಡಿದು ನಿಂತೆ. ಒಳಗೆ ಕಾಲಿಡಲು ಧೈರ್ಯ ಸಾಲಲಿಲ್ಲ.

"ಬಾಗಲಾ ಹಾಕ. ಹೊಗಿ ಬರ್ತೈತಿ" ಎಂದ ಒಳಗಿನಿಂದ.

ಗಂಡ ಮಂಚದ ಮೇಲೆ ಕೂತಿದ್ದ. ಕಿಟಕಿಯ ಸಂದಿಗೆಲ್ಲ ಒದ್ದೆ ಟವೆಲ್ಲು ತುರುಕಿದ್ದ. ಮೂಗಿಗೆ ನಳಿಕೆ ಇತ್ತು, ನಳಿಕೆಯ ತುದಿ ಮಂಚದ ಕೆಳಗಿನ ಒಂದು ಕೌದಿಯ ಗಂಟಿನೊಳಗೆ ಹೋಗಿತ್ತು. ಗಂಟು ಬಿಚ್ಚಿದೆ. ಸಿಲಿಂಡರು.

"ಇದು ಎಲ್ಲಿಂದ ಬಂತ್ರಿ?"

"ಎಲ್ಲಿಗೂ ಹೋಗಿರಲೇ ಇಲ್ಲ. ಖಾಲಿದ್ದನ್ನ ಕಳಿಸಿ ತುಂಬಿದ್ದನ್ನ ಇಟ್ಕೊಂಡೆ." ಉಸಿರು ತಗೊಂಡ. "ಸಾಹೇಬ್ರದು ಇಪ್ಪತ್ತನಾಕ ತಾಸಿನ ಕರೆಂಟು. ನನ್ನ ನಂಬಿಕಿ ಇಪ್ಪತ್ತೊಂದ ತಾಸಿಂದು."

ಆಗ ಯಂತ್ರದ ಕಡೆ ಕಣ್ಣು ಹೋಯಿತು. ಗೋಡೆಯ ಸ್ವಿಚ್ಚು ಆರಿತ್ತು, ಯಂತ್ರದ ಗುಂಡಿಯೂ ಆರಿತ್ತು. ಕರೆಂಟು ಹೋಗಿ ನಿಂತ ಯಂತ್ರವಲ್ಲ ಅದು, ಯಾರೋ ಆರಿಸಿಟ್ಟದ್ದು.

"ಇದನ್ನ ಯಾರು ಆರಿಸಿದ್ರು?"

"ಗುಡ್ಡದ ಮ್ಯಾಲ ಹೊಗಿ ನೋಡಿದೆ. ಇನ್ನ ನೀ ತೆಗೀತಿ ಅಂತ ಗೊತ್ತಾತು. ನಾನ ಆರಿಸಿದೆ."

"ನಾ ತೆಗಿಯೂದಕ್ಕಿಂತ ಮೊದಲ?"

ಅವನು ಕಿಟಕಿಯ ಟವೆಲ್ಲು ಸರಿಮಾಡುವವನಂತೆ ಆ ಕಡೆ ತಿರುಗಿದ. ನನಗೆ ನಿಧಾನವಾಗಿ ಒಂದು ಲೆಕ್ಕ ಹೊಳೆಯತೊಡಗಿತು. ಆರು ವರ್ಷದಲ್ಲಿ ನಮ್ಮ ಓಣಿಯ ಯಾರೊಬ್ಬರೂ ಆ ಕೂಗಿನ ಬಗ್ಗೆ ನನ್ನ ಹತ್ತಿರ ದೂರಿರಲಿಲ್ಲ. ಮಧ್ಯಾಹ್ನದ ನಿದ್ದೆ ಕೆಟ್ಟರೆ ದೇವರನ್ನೂ ಬಿಡದ ಜನ.

"ದಿನಾನೂ?" ಎಂದೆ.

"ಹನ್ನೆರಡಕ್ಕ ಐದ ನಿಮಿಷ ಇದ್ದಾಗ" ಎಂದ. "ನಾ ಆರಿಸಿ ಸಿಲಿಂಡರ್ ಹಚ್ಕೋತಿದ್ದೆ. ಆಮ್ಯಾಲ ನೀ ತೆಗೀತಿದ್ದಿ." ಮತ್ತೆ ಉಸಿರು. "ಆರು ವರ್ಷದಾಗ ನನ್ನ ಮಷೀನ್ ನೀ ಒಮ್ಮೆನೂ ನಿಲ್ಲಿಸಿಲ್ಲ, ಫಕೀರಿ. ನಾ ನಿಲ್ಲಿಸಿದ್ದು."

"ಮೊದಲ ಹೇಳಾಕ ಏನಾಗಿತ್ತು ನಿಮಗ?" ಎಂದು ರೇಗಿದೆ.

"ಹೇಳಿದ್ರ ನೀ ಬುತ್ತಿ ಪೂರಾ ತಿಂತಿದ್ದಿ. ಮಧ್ಯಾಹ್ನ ನೀ ಉಳಿಸಿ ತಂದ ರೊಟ್ಟಿ ಸಂಜಿಕೆ ನನಗ ಸಿಗ್ತಿದ್ದಿಲ್ಲ."

ಬೆಂಕಿ ಸಂಜೆ ಐದರ ಹೊತ್ತಿಗೆ ಆರಿತು. ಬಂಗಾರೆವ್ವನ ಕೊಟ್ಟಿಗೆ ಮತ್ತು ಮೂರು ಹಳೆಯ ಬಣವೆ ಹೋದವು. ಜನ, ದನ ಉಳಿದವು. ಗುಡ್ಡದ ಮೇಲೆ ಮಲಗಿದ್ದ ತಂತಿ ಮಾತ್ರ ಏಳಲಿಲ್ಲ, ಕರಗಿ ಹನಿ ಹನಿಯಾಗಿ ಕಲ್ಲಿಗಂಟಿತ್ತು. ಹೊಗೆ ಕುಡಿದು ಗಂಡ ನಾಲ್ಕು ದಿನ ದವಾಖಾನೆಯಲ್ಲಿದ್ದ. ಪಕ್ಕದ ಹಾಸಿಗೆಯವರಿಗೆ ಆ ಧಾರಾವಾಹಿಯ ಅತ್ತೆ ಎರಡು ಸಲ ಸತ್ತ ಕಥೆ ಹೇಳಿ ಅವರ ರೋಗ ಹೆಚ್ಚಿಸಿ ಬಂದ.

ಸಾಹೇಬರಿಗೆ ಪ್ರಶಸ್ತಿ ಬಂತು. ಗುಡ್ಡದ ಬೆಂಕಿ ಅರಣ್ಯದ ಲೆಕ್ಕಕ್ಕೆ ಹೋಯಿತು. ತಂತಿಯೇ ಇಲ್ಲದ ಕಡೆ ಕರೆಂಟು ಹೋಯಿತೆಂದು ಹೇಳಲಾಗದಾದ್ದರಿಂದ ಆ ದಿನದ ಚೌಕ ಬೆಳ್ಳಗೇ ಉಳಿಯಿತು. ಗುಡ್ಡಕ್ಕೆ ಹೊಸ ತಂತಿಯ ಜೊತೆ ಬೇರೆ ಹಿಡಿಕೆಯೂ ಬಂತು, ನಾನು ಕೇಳಿದ್ದಂಥದ್ದೇ. ಅದರ ಪಕ್ಕದ ಕಲ್ಲಿನ ಮೇಲೆ ಅದು ಸಾಹೇಬರ ದೂರದೃಷ್ಟಿಯ ಫಲ ಎಂದು ಕೆತ್ತಿದ್ದಾರೆ. ಬೇಸಿಗೆಯಲ್ಲಿ ಈಗ ಗುಡ್ಡದ ಲೈನಿಗೆ ಮುಂಜಾನೆ ಪಂಪು ನಡೆಯುವ ಎರಡು ತಾಸು ಮಾತ್ರ ಕರೆಂಟು. ಹುಲ್ಲನ್ನು ಸಂಕ್ರಾಂತಿಗೇ ಕೊಯ್ಯುತ್ತೇವೆ. ತಲೆಬುರುಡೆಯ ಫಲಕ ಬಣವೆಯ ಮೇಲೆ ಮುಚ್ಚಳವಾಗಿದೆ. ದವಾಖಾನೆಯ ಸಿಲಿಂಡರಿನ ಗಾಡಿ ಮತ್ತೆ ಬರುತ್ತಿದೆ, ಊರೊಳಗೆ ಮಧ್ಯಾಹ್ನ ಕರೆಂಟು ತೆಗೆಯುವುದೂ ಮತ್ತೆ ಶುರುವಾಗಿದೆ. ಹಲಗೆಯಲ್ಲಿ ಅದಕ್ಕೆ 'ನಿರ್ವಹಣೆ' ಎಂದು ಬರೆಯುತ್ತಾರೆ, ನಿರ್ವಹಣೆಗೆ ಕೆಂಪು ಬೊಟ್ಟಿಲ್ಲ. ಮರಗಳು ಬೆಳೆಯುವವರೆಗೆ ಎಲ್ಲರೂ ತಮ್ಮ ತಮ್ಮ ಅಂಗಳದಲ್ಲಿ, ಅವತ್ತು ಅಂಚು ಸುಟ್ಟ ಕೌದಿಗಳನ್ನೇ ನಾಲ್ಕು ಗಳಕ್ಕೆ ಕಟ್ಟಿ ಚಪ್ಪರ ಮಾಡಿದ್ದಾರೆ. ತಂತಿಗಳು ಒಪ್ಪಿಕೊಂಡಿವೆ. ಬಂಗಾರೆವ್ವನ ಬೇವಿನ ಬುಡ ಚಿಗುರಿದೆ. ಮೊಣಕಾಲೆತ್ತರದ ಆ ಚಿಗುರಿನ ಕೆಳಗೆ ಒಂದು ತಂತಿ ಹೇಗೋ ಮುದುಡಿಕೊಂಡು ಮಲಗುತ್ತದೆ. "ಹಳೇ ಪರಿಚಯ" ಎನ್ನುತ್ತಾಳೆ.

ನನಗೂ ಒಂದು ಬಂತು. ನೋಟಿಸು. ಯಾರ ಲಿಖಿತ ಆದೇಶದ ಮೇರೆಗೆ ಸದರಿ ದಿನ ಸರಬರಾಜು ನಿಲ್ಲಿಸಿದಿರಿ, ಏಳು ದಿನದೊಳಗೆ ವಿವರಣೆ ಕೊಡಿ ಎಂದಿತ್ತು. ಉತ್ತರವನ್ನು ಈ ಸಲ ನಾನೊಬ್ಬಳೇ ಬರೆದೆ, ಗಂಡನಿಗೆ ತಿದ್ದಲು ಕೊಡಲಿಲ್ಲ. "ಲಿಖಿತ ಆದೇಶ ಇರಲಿಲ್ಲ. ಆದರೆ ನಾನು ನಿಲ್ಲಿಸುವ ಮೊದಲೇ, ನಿಮ್ಮ ಯೋಜನೆಯ ಫೋಟೋದಲ್ಲಿರುವ ಗ್ರಾಹಕರಾದ ಯಮನೂರಪ್ಪ ಇವರು ತಮ್ಮ ಸ್ವಿಚ್ಚನ್ನು ತಾವೇ ಆರಿಸಿದ್ದರು. ಊರಿನ ಉಳಿದವರ ಸ್ವಿಚ್ಚು ಮಾತ್ರ ನಾನು ಆರಿಸಿದ್ದು" ಎಂದು ಬರೆದೆ. ಇಷ್ಟರವರೆಗೆ ಮರುಪತ್ರ ಬಂದಿಲ್ಲ. 'ನಿರಂತರ' ಎಂಬ ಶಬ್ದ ಅದರಲ್ಲಿ ಇರಲಿಲ್ಲವಲ್ಲ, ಓದಿರಲಿಕ್ಕಿಲ್ಲ.

ಈಗ ಹನ್ನೆರಡಕ್ಕೆ ಐದು ನಿಮಿಷ ಇರುವಾಗಲೇ ಎದ್ದು ಹಿಡಿಕೆಯ ಹತ್ತಿರ ನಿಲ್ಲುತ್ತೇನೆ. ಅರ್ಧ ಮೈಲಿ ದೂರದಲ್ಲಿ ಒಂದು ಸ್ವಿಚ್ಚು ಆರಿಸಿದ ಸದ್ದು ಇಲ್ಲಿಗೆ ಕೇಳುವುದಿಲ್ಲ. ಆದರೂ ಕೇಳಿಸುವವರೆಗೆ ಕಾಯುತ್ತೇನೆ, ಆಮೇಲೆ ಹಿಡಿಕೆ ಇಳಿಸುತ್ತೇನೆ, ಸೀಟಿ ಊದುತ್ತೇನೆ, ಬುತ್ತಿ ಬಿಚ್ಚುತ್ತೇನೆ. ಒಂದು ರೊಟ್ಟಿ ತಿಂದು, ಒಂದನ್ನು ಹಾಗೇ ಕಟ್ಟಿಡುತ್ತೇನೆ.